ಬಳೆಗೆ ಹಿಡಿದ ಹತ್ತರಿ

ನಮ್ಮೂರಲ್ಲಿ ಕಡಿದ ಮರವೂ ಬೆಳೆಯುತ್ತದೆ. ಬಾಗಿಲು ದಪ್ಪವಾಗಿ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ಮಂಚದ ಕಾಲು ಊದಿಕೊಳ್ಳುತ್ತದೆ, ಮಜ್ಜಿಗೆ ಕಡೆಯುವ ಕಡೆಗೋಲು ವರ್ಷ ತುಂಬುವುದರೊಳಗೆ ಮಡಕೆಯ ಬಾಯಿಗೆ ಹಿಡಿಸುವುದಿಲ್ಲ. ಹೊರಗಿನಿಂದ ಬಂದವರು ಮೂಗಿನ ಮೇಲೆ ಬೆರಳಿಡುತ್ತಾರೆ. ನಮಗೇನೂ ಅನ್ನಿಸುವುದಿಲ್ಲ. ಉಗುರು ಬೆಳೆದರೆ ಕತ್ತರಿಸಿಕೊಳ್ಳುವುದಿಲ್ಲವೇ, ಹಾಗೆಯೇ ಬಾಗಿಲು ಬೆಳೆದರೆ ಹತ್ತರಿ ಹಿಡಿದು ಉಜ್ಜಿ ನಯ ಮಾಡುತ್ತೇವೆ. ಹತ್ತರಿಯ ಬಾಯಿಂದ ಬರುವ ಮರದ ಸುರುಳಿಯಲ್ಲಿ ಒಲೆ ಹೊತ್ತಿಸುತ್ತೇವೆ. ಸೌದೆಗೆಂದು ಕಾಡಿಗೆ ಹೋದವರನ್ನು ನಾನು ಕಂಡಿಲ್ಲ. ಸೋಮಾರಿಗಳ ಮನೆ ಗುರುತು ಹಿಡಿಯುವುದೂ ಸುಲಭ, ಅವರು ಕಿಟಕಿಯಿಂದ ಹತ್ತಿ ಇಳಿಯುತ್ತಿರುತ್ತಾರೆ.

ಆದರೆ ಉಜ್ಜುವುದಕ್ಕೆ ಒಂದು ಕ್ರಮವಿದೆ. ಬೆಳೆಯುವ ಮರಕ್ಕೆ ಗಾಯವಾಗಬಾರದು. ಗರಗಸ ತಾಗಿದರೆ, ಕೊಡಲಿ ಬಿದ್ದರೆ, ಅಷ್ಟೇಕೆ, ಒಂದು ಸಿಬಿರು ಎದ್ದರೂ ಸಾಕು, ಅದು ರೊಚ್ಚಿಗೆದ್ದು ನಮ್ಮ ಕಣ್ಣೆದುರೇ ಗಂಟು ಕಟ್ಟಿಕೊಂಡು ಊದುತ್ತದೆ. ನಾರಿನ ದಿಕ್ಕು ಹಿಡಿದು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ತೆಗೆದರೆ ಮಾತ್ರ ಅದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಈ ಊರಿನಲ್ಲಿ ಒಳ್ಳೆಯ ಹತ್ತರಿಗೆ ಇರುವ ಬೆಲೆ ಒಳ್ಳೆಯ ಅಳಿಯನಿಗೂ ಇಲ್ಲ.

ನಾನು ಕಾಳವ್ವ, ಹತ್ತರಿ ಮಾಡುವವಳು. ಅಪ್ಪನ ಕೆಲಸ ನನಗೆ ಬಂತು. ಮದುವೆಯ ಗೊಡವೆಗೆ ನಾನು ಹೋಗಲಿಲ್ಲ, ಅದಕ್ಕಾಗಿ ಮರುಗಿದವರು ಊರವರೇ ಹೊರತು ನಾನಲ್ಲ. ನನ್ನ ತಮ್ಮ ನಿಂಗಾಚಾರಿ ನಾನು ಮಾಡಿದ ಹತ್ತರಿ ಹೊತ್ತುಕೊಂಡು ಮನೆಮನೆಗೆ ಹೋಗಿ ಬಾಗಿಲು ಉಜ್ಜಿ ಬರುತ್ತಾನೆ. ಊರಿನ ಮರದಲ್ಲಿ ಹತ್ತರಿ ಮಾಡಿದರೆ ಅದೂ ಬೆಳೆದು, ಬಾಯಿ ಮುಚ್ಚಿಕೊಂಡು, ತನ್ನ ಅಲಗನ್ನೇ ಕಚ್ಚಿ ಕೂರುತ್ತದೆ. ಹಾಗಾಗಿ ಹೊರಗಿನ ಮರವೇ ಬೇಕು. ಹಮೀದ್ ಸಾಬರು ಮಳೆ ನಿಂತ ಮೇಲೆ ದೂರದ ರೇವಿನಿಂದ ಗಾಡಿಯಲ್ಲಿ ತರುತ್ತಾರೆ. ಹಡಗಿನಲ್ಲಿ ಬಂದ ಮರಗಳು ಅವು. ಒಂದು ಇದ್ದಿಲಿನಷ್ಟು ಕಪ್ಪು, ಒಂದು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣದ್ದು, ಒಂದರ ಮೈಯೆಲ್ಲ ಮಚ್ಚೆ. ಹೆಸರು ಅವರಿಗೂ ಗೊತ್ತಿಲ್ಲ, ನನಗೂ ಬೇಕಾಗಿಲ್ಲ. ನೀರಿಗೆ ಹಾಕಿದರೆ ಮುಳುಗಬೇಕು, ಉಳಿ ಹೊಡೆದರೆ ಕೈ ಜುಮ್ಮೆನ್ನಬೇಕು, ಅಂಥದ್ದನ್ನೇ ಆರಿಸಿಕೊಳ್ಳುತ್ತೇನೆ.

ಆ ಮರವೂ ಎಷ್ಟು ದಿನ ಹೊರಗಿನದಾಗಿ ಉಳಿದೀತು. ಇಲ್ಲಿದ್ದು ಇದ್ದು ಅದೂ ಊರು ಕಲಿಯುತ್ತದೆ, ಬೆಳೆಯಲು ಶುರುಮಾಡುತ್ತದೆ. ಒಂದು ನೂಲನ್ನು ಬಿಗಿಯಾಗಿ ಸುತ್ತಿ ಇಟ್ಟರೆ ತಿಳಿಯುತ್ತದೆ. ಅಮಾವಾಸ್ಯೆ ಕಳೆದ ಮೇಲೂ ನೂಲು ಹಾಗೇ ಇದ್ದರೆ ಮರ ಇನ್ನೂ ಪರದೇಶಿ, ತುಂಡಾಗಿದ್ದರೆ ನಮ್ಮೂರಿನದಾಯಿತು. ಮನುಷ್ಯರ ಮೈಯ ಬಿಸಿ ತಾಗಿದರೆ ಇನ್ನೂ ಬೇಗ ಕಲಿಯುತ್ತದೆ. ಅದಕ್ಕೇ ಹತ್ತರಿಯ ಅಡಿಗೆ ಹಾಕುವ ಹಾಗೆ ಕೈ ಹಿಡಿಯುವ ಜಾಗಕ್ಕೂ ಹಿತ್ತಾಳೆ ತಗಡು ಹೊದಿಸುತ್ತೇನೆ. ಅದಕ್ಕೇ ನಮ್ಮೂರಲ್ಲಿ ಯಾರೂ ಮರದ ಮಣಿ, ಮರದ ಕಡಗ ಹಾಕಿಕೊಳ್ಳುವುದಿಲ್ಲ. ಹಾಕಿಕೊಳ್ಳಬಾರದು ಎಂದು ಮಕ್ಕಳಿಗೆ ಹೇಳಿಕೊಡುವ ರೂಢಿಯೂ ಇಲ್ಲ. ಬೆಂಕಿ ತಿನ್ನಬಾರದು ಎಂದು ಯಾರು ಯಾರಿಗೆ ಹೇಳಿಕೊಡುತ್ತಾರೆ?

ನಿಂಗಾಚಾರಿಗೆ ಗುಡ್ಡದ ಆಚೆಯಿಂದ ಹೆಣ್ಣು ತಂದೆವು. ದಾಕ್ಷಾಯಿಣಿ ಎಂದು ಹೆಸರು, ನಾವು ದಾಕ್ಷಿ ಎಂದೆವು. ಕಲ್ಲು ಕೆತ್ತುವವರ ಮನೆಯ ಹುಡುಗಿ. ದುಂಡು ಮುಖ, ಮೆಲ್ಲಗೆ ಮಾತು, ಯಾರು ಏನು ಹೇಳಿದರೂ ಮೊದಲು ನಗು. ಈ ಊರಿನ ಮದುವೆಯಲ್ಲಿ ಸೊಸೆಗೆ ಗಂಡಿನ ಮನೆಯವರು ಒಂದು ಹತ್ತರಿ ಕೊಡಬೇಕು, ಅದೇ ಇಲ್ಲಿಯ ಪದ್ಧತಿ. ಹೆಣ್ಣು ನೋಡಲು ಹೋದಾಗಲೇ ಹಸಿ ಜೇಡಿಮಣ್ಣಿನ ಉಂಡೆಯೊಂದನ್ನು ಅವಳ ಮುಷ್ಟಿಯಲ್ಲಿ ಹಿಡಿಸಿ, ಒಣಗಿಸಿ ತಂದಿದ್ದೆ. ಅದರ ಅಳತೆಗೆ ಸರಿಯಾಗಿ ಆ ನೇರಳೆ ಬಣ್ಣದ ಮರದಲ್ಲಿ ಹತ್ತರಿ ಕೆತ್ತಿದೆ. ನನ್ನ ಕೈಯಿಂದ ಅಷ್ಟು ಚೆಂದದ್ದು ಇನ್ನೊಂದು ಬಂದಿಲ್ಲ. ಹಿಡಿಯ ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಮುಖ ಕಾಣುವ ಹಾಗೆ ಮಾಡಿದ್ದೆ.

ದಾಕ್ಷಿಯ ಬಲಗೈಯಲ್ಲಿ ಗಾಜಿನ ಬಳೆಗಳ ಹಿಂದೆ ಹೆಬ್ಬೆರಳಗಲದ ಒಂದು ಕಪ್ಪು ಬಳೆ ಇತ್ತು. ಎಲ್ಲರೂ ಕಂಡಿದ್ದೆವು. ಎಮ್ಮೆ ಕೊಂಬಿನದು ಎಂದುಕೊಂಡೆವು. ಒಬ್ಬರೂ ಮುಟ್ಟಿ ನೋಡಲಿಲ್ಲ, ಕೇಳಲಿಲ್ಲ. ಮರವನ್ನೇ ಉಂಡು ಮರವನ್ನೇ ಹಾಸಿ ಹೊದೆಯುವ ನಾನೂ ಕೇಳಲಿಲ್ಲ. ಮೈಮೇಲೆ ಮರ ಹಾಕಿಕೊಂಡವರನ್ನು ಹುಟ್ಟಿದಾಗಿನಿಂದ ಕಾಣದವರ ಕಣ್ಣಿಗೆ ಅದು ಮರವಾಗಿ ಕಾಣುವುದಾದರೂ ಹೇಗೆ?

ಚಳಿ ಬಿಟ್ಟು ಬಿಸಿಲು ಏರುವ ಹೊತ್ತಿಗೆ ದಾಕ್ಷಿ ಊಟ ಕಡಿಮೆ ಮಾಡಿದಳು. ಮೊದಲು ಮುದ್ದೆ ಅರ್ಧವಾಯಿತು, ಆಮೇಲೆ ರಾತ್ರಿ ಬರೀ ಮಜ್ಜಿಗೆ. ಅವ್ವನಿಗೆ ಇದನ್ನು ಸಹಿಸಲಾಗಲಿಲ್ಲ. ಅವ್ವನ ಅವರೆಕಾಳು ಸಾರಿಗೆ ಬೀದಿಯವರೆಲ್ಲ ಬಟ್ಟಲು ಹಿಡಿದು ಬರುತ್ತಾರೆ, ಸೊಸೆ ಮಾತ್ರ ಎರಡು ತುತ್ತಿಗೆ ಕೈ ತೊಳೆಯುತ್ತಾಳೆ ಎಂದರೆ ಹೇಗಾಗಬೇಡ.

"ಯಾಕಮ್ಮಿ, ನನ್ನ ಕೈಯಡುಗೆ ಸೇರಾಕಿಲ್ವಾ? ನಿಮ್ಮವ್ವ ಏನು ಮಾಡ್ತಿದ್ಲು ಹೇಳು, ಅದನ್ನೇ ಮಾಡ್ತೀನಿ."

"ಚೆನ್ನಾಗೈತೆ ಅತ್ತೆಮ್ಮ. ಹೊಟ್ಟೆ ತುಂಬ್ತು."

"ಗುಬ್ಬಚ್ಚಿ ಹೊಟ್ಟೆನಾ ನಿಂದು?"

ದಾಕ್ಷಿ ನಕ್ಕು ಎದ್ದು ಹೋಗುತ್ತಿದ್ದಳು. ಅವ್ವ ನನ್ನ ಹತ್ತಿರ ಬಂದು ಮೂತಿ ಊದಿಸಿಕೊಂಡು ಕೂರುತ್ತಿದ್ದಳು. ಹುಡುಗಿಗೆ ಈ ಮನೆ ಹಿಡಿಸಿಲ್ಲ, ಒಂದು ದಿನ ಹೇಳದೆ ಕೇಳದೆ ತವರಿಗೆ ಹೋಗಿಬಿಡುತ್ತಾಳೆ ಎಂದು ಅವಳ ಸಂಕಟ. ನಿಂಗಾಚಾರಿಯನ್ನು ಕೇಳಿದರೆ, "ನಂಗೇನು ಗೊತ್ತಕ್ಕ, ಕೇಳಿದ್ರೆ ನಗ್ತಾಳೆ" ಎನ್ನುತ್ತಿದ್ದ. ಗಂಡಸರಿಗೆ ಹೆಂಡತಿ ನಕ್ಕರೆ ಸಾಕು, ಲೋಕವೆಲ್ಲ ಸರಿಯಾಗಿದೆ ಅನ್ನಿಸುತ್ತದೆ. ದಾಕ್ಷಿ ರವಿಕೆಯ ತೋಳನ್ನು ಉದ್ದಕ್ಕೆ ಹೊಲಿದುಕೊಳ್ಳಲು ಶುರುಮಾಡಿದ್ದನ್ನು ನಾವು ನಾಚಿಕೆ ಎಂದುಕೊಂಡೆವು.

ಮುಂಗಾರಿಗೆ ಮುಂಚೆ ಹೊಸ ಸೊಸೆ ತಲೆಬಾಗಿಲಿನ ಅಂಚನ್ನು ತನ್ನ ಹತ್ತರಿಯಿಂದ ಉಜ್ಜಬೇಕು. ಅಂದಿನಿಂದ ಬಾಗಿಲು ಅವಳದೂ ಆಗುತ್ತದೆ. ಬೆಳಿಗ್ಗೆ ಬಾಗಿಲಿಗೆ ಅರಿಶಿನ ಹಚ್ಚಿ, ಅವ್ವ ಹೋಳಿಗೆಗೆ ಬೇಳೆ ಬೇಯಿಸಲಿಟ್ಟು ಬಂದಳು. ನಾನು ಹತ್ತರಿಯ ಅಲಗು ಸಾಣೆ ಹಿಡಿದು, ಬೆಣೆ ಬಡಿದು ಬಿಗಿಮಾಡಿ ಅವಳ ಕೈಗೆ ಕೊಟ್ಟೆ. ಅವಳು ಹಿಡಿದುಕೊಂಡಳು, ಆದರೆ ಹಿಡಿ ಅವಳ ಬೆರಳೊಳಗೆ ಕೂರಲಿಲ್ಲ. ಎಲ್ಲೋ ಒತ್ತುತ್ತದೆ ಎಂಬಂತೆ ಬೆರಳು ಬದಲಿಸಿ ಬದಲಿಸಿ ಹಿಡಿದಳು.

ನನಗೆ ರೇಗಿತು. ಅಳತೆ ತಪ್ಪುವ ಜಾತಿಯವಳಲ್ಲ ನಾನು. "ಸರಿಯಾಗಿ ಹಿಡಿಯೇ" ಅಂದೆ.

ಅವಳು ತಳ್ಳಿದಳು. ಹತ್ತರಿ ಒಂದು ಗೇಣು ಹೋಗಿ ಅವಳ ಕೈಯಿಂದ ಜಾರಿ ಹೊಸಿಲಿನ ಮೇಲೆ ಬಿತ್ತು. ಶಾಸ್ತ್ರ ನೋಡಲು ಬಂದಿದ್ದ ಬೀದಿಯ ಹೆಂಗಸರೆಲ್ಲ ಉಸಿರು ಬಿಗಿಹಿಡಿದರು. ಅವಳು ಬಗ್ಗಿ ಅದನ್ನು ಎತ್ತಲು ಹೋದಳು, ಬೆರಳು ಮಡಿಚಲೇ ಇಲ್ಲ. ನಾನು ಆ ಕೈಯನ್ನು ಹಿಡಿದು ಬೆಳಕಿಗೆ ಎಳೆದೆ. ಬೆರಳುಗಳು ಬಾಳೆಕಾಯಿಯಂತೆ ಊದಿದ್ದವು, ಉಗುರು ನೀಲಿಗಟ್ಟಿತ್ತು, ಮುಟ್ಟಿದರೆ ತಣ್ಣಗೆ. ರವಿಕೆಯ ತೋಳು ಮೇಲೆ ಸರಿಸಿದೆ. ಕಪ್ಪು ಬಳೆ ಮಣಿಕಟ್ಟಿನೊಳಗೆ ಹೂತುಹೋಗಿತ್ತು. ಉಗುರಿನಿಂದ ಅದನ್ನು ತಟ್ಟಿದೆ. ಕೊಂಬು ಹಾಗೆ ಸದ್ದು ಮಾಡುವುದಿಲ್ಲ.

"ಇದು ಮರನಾ?"

"ಹೂಂ ಅಕ್ಕಯ್ಯ, ಕರಿಮರ. ಚಿಕ್ಕೋಳಿದ್ದಾಗ ನಮ್ಮಜ್ಜಿ ಹಾಕಿದ್ದು. ಕೈ ದೊಡ್ಡದಾದ ಮೇಲೆ ತೆಗೆಯಾಕೆ ಬರ್ಲಿಲ್ಲ."

"ಬಿಗಿಯಾಗ್ತೈತೆ ಅಂತ ಬಾಯಿ ಬಿಟ್ಟು ಹೇಳಬಾರದಾಗಿತ್ತಾ?"

ಅವಳು ತಲೆ ತಗ್ಗಿಸಿದಳು. "ನಾನೇ ದಪ್ಪ ಆಗ್ತಿದ್ದೀನಿ ಅಂದ್ಕೊಂಡೆ. ಅತ್ತೆಮ್ಮ ತುಪ್ಪ ಹಾಕಿ ಹಾಕಿ ಇಕ್ತಿದ್ರು. ತವರಲ್ಲಿ ಊಟಾನೇ ಕಂಡಿರ್ಲಿಲ್ವೇನೋ ಅಂತ ಜನ ಆಡ್ಕೋತಾರೆ ಅಂತ ಊಟ ಬಿಟ್ಟೆ. ಬಿಟ್ಟಷ್ಟೂ ಬಿಗೀತಾನೇ ಇತ್ತು."

ಅವ್ವ ಅಲ್ಲೇ ಜಗುಲಿಯ ಮೇಲೆ ಕುಸಿದು ಕುಳಿತು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಇಷ್ಟು ದಿನ ಸೊಸೆಯ ಮೇಲೆ ಮುನಿಸಿಕೊಂಡದ್ದು ಅವಳ ಕಣ್ಣೆದುರು ಬಂದಿರಬೇಕು.

ನಿಂಗಾಚಾರಿಯ ಮುಖದಲ್ಲಿ ರಕ್ತವಿರಲಿಲ್ಲ. ಗಾಡಿ ಕಟ್ಟಿ ಗುಡ್ಡದಾಚೆಯ ಆಸ್ಪತ್ರೆಗೆ ಒಯ್ಯೋಣ ಅಂದ. ಅಲ್ಲಿಗೆ ಹೋದರೆ ಅವರು ಇಡುವುದು ಗರಗಸವನ್ನೇ. ಗರಗಸ ತಾಗಿದ ಮರುಗಳಿಗೆ ಬಳೆ ಊದಿ ಮೂಳೆ ಪುಡಿ ಮಾಡುತ್ತದೆ. ಊರು ಕಲಿತ ಮರ ಊರು ಬಿಟ್ಟ ಮಾತ್ರಕ್ಕೆ ಕಲಿತದ್ದನ್ನು ಮರೆಯುವುದಿಲ್ಲ. ಇದನ್ನು ಅವನಿಗೆ ಹೇಳಬೇಕಾಗಿರಲಿಲ್ಲ, ಅವನಿಗೂ ಗೊತ್ತಿತ್ತು.

ಉಳಿದಿದ್ದು ಒಂದೇ ದಾರಿ. ಬಳೆಯನ್ನು ಹೊರಗಿನಿಂದ ಉಜ್ಜಿ ಉಜ್ಜಿ, ಅದಕ್ಕೆ ಗೊತ್ತಾಗದ ಹಾಗೆ ತೆಳ್ಳಗೆ ಮಾಡುತ್ತ ಹೋಗಬೇಕು, ತನ್ನಷ್ಟಕ್ಕೆ ತಾನು ಬಿಟ್ಟುಕೊಳ್ಳುವವರೆಗೆ. ಬಾಗಿಲು ಉಜ್ಜುವ ಹತ್ತರಿ ಬಳೆಯ ಮೇಲೆ ನಿಲ್ಲುವುದಿಲ್ಲ. ಹೆಬ್ಬೆರಳು ಗಾತ್ರದ್ದು ಬೇಕು, ಅಡಿ ಒಳಕ್ಕೆ ಬಾಗಿರಬೇಕು. ಕೊಟ್ಟಿಗೆಯಲ್ಲಿ ಉಳಿದಿದ್ದ ಹಳೆಯ ಮರಗಳನ್ನೆಲ್ಲ ಎಳೆದು ನೋಡಿದೆ. ಒಂದೊಂದರದೂ ನೂಲು ಹರಿದಿತ್ತು. ಹೊಸ ಮರ ಬರುವುದು ಮಳೆ ಮುಗಿದ ಮೇಲೆ. ಇಡೀ ಮನೆಯಲ್ಲಿ ಇನ್ನೂ ಊರು ಕಲಿಯದ ಗಟ್ಟಿ ಮರವೆಂದರೆ ಹೊಸಿಲ ಮೇಲೆ ಬಿದ್ದಿದ್ದ ದಾಕ್ಷಿಯ ಹತ್ತರಿ ಮಾತ್ರ.

ಅದನ್ನು ಎತ್ತಿಕೊಂಡು ಬಂದು ಮಣೆಯ ಮೇಲಿಟ್ಟು ಗರಗಸ ತೆಗೆದಾಗ ಅವ್ವ ಅಡ್ಡ ಬಂದಳು.

"ಮದುವೆ ಹತ್ತರಿ ಕಣೇ ಅದು. ಕುಯ್ದರೆ ಮನೆಗೆ ಒಳ್ಳೇದಾಗಾಕಿಲ್ಲ."

"ಕೈ ಹೋದ್ರೆ ಮನೆಗೆ ಒಳ್ಳೇದಾಗ್ತದಾ?"

ಅವ್ವ ಬಂದು ಹತ್ತರಿಯ ಇನ್ನೊಂದು ತುದಿಯನ್ನು ತಾನೇ ಅದುಮಿ ಹಿಡಿದಳು. "ಕುಯ್ಯಿ" ಅಂದಳು.

ನನ್ನ ಬದುಕಿನ ಅತ್ಯಂತ ಚೆಂದದ ಕೆಲಸವನ್ನು ನಾನೇ ಎರಡು ತುಂಡು ಮಾಡಿದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಮೂಲೆಯಿಂದ ಹೆಬ್ಬೆರಳಷ್ಟು ತುಂಡು ತೆಗೆದು, ಸಣ್ಣ ಉಳಿಯಿಂದ ಬಾಯಿ ತೋಡಿದೆ. ಹಿಡಿಯ ಮೇಲಿದ್ದ ಹಿತ್ತಾಳೆಯನ್ನೇ ಕಿತ್ತು, ಕಬ್ಬಿಣದ ಸಲಾಕೆಯ ಮೇಲೆ ತಟ್ಟಿ ಬಾಗಿಸಿ ಅಡಿಗೆ ಕೂರಿಸಿದೆ. ಅಲಗಿಗೆ ಅಪ್ಪನ ಕ್ಷೌರದ ಕತ್ತಿಯ ತುಂಡು. ಅಡಿಯ ಬಾಗು ಬಳೆಯ ಬಾಗಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂರಬೇಕು. ಬಳೆಗೆ ಅರಿಶಿನದ ಪುಡಿ ಹಚ್ಚಿ ಅದರ ಮೇಲೆ ಹತ್ತರಿಯ ಅಡಿ ಒತ್ತುವುದು, ಹಳದಿ ಅಂಟಿದ ಕಡೆ ಅರದಿಂದ ತಿಕ್ಕುವುದು, ಮತ್ತೆ ಒತ್ತುವುದು. ಇಡೀ ಅಡಿ ಹಳದಿಯಾಗುವ ಹೊತ್ತಿಗೆ ನೆತ್ತಿಯ ಮೇಲಿನ ಸೂರ್ಯ ಹಿತ್ತಲಿನ ಕಡೆ ವಾಲಿದ್ದ. ಅಷ್ಟು ಹೊತ್ತೂ ದಾಕ್ಷಿ ಕೈಯನ್ನು ನಿಂಗಾಚಾರಿಯ ಭುಜದ ಮೇಲೆ ಎತ್ತಿಟ್ಟುಕೊಂಡು ಕಣ್ಣು ಮುಚ್ಚಿ ಕುಳಿತಿದ್ದಳು. ಬೆರಳುಗಳಲ್ಲಿ ಈಗ ಏನೂ ಗೊತ್ತಾಗುತ್ತಿಲ್ಲ ಎಂದಳು. ನೋವಿದೆ ಎಂದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಕೈಯನ್ನು ಮಣೆಯ ಮೇಲೆ ಇರಿಸಿ, ನಿಂಗಾಚಾರಿಗೆ ಮೊಣಕೈ ಹಿಡಿಯಲು ಹೇಳಿ, ಮೊದಲ ಸಲ ಹತ್ತರಿ ಓಡಿಸಿದೆ. ಕಪ್ಪು ಸುರುಳಿ ಒಂದು ಸದ್ದಿಲ್ಲದೆ ಮೇಲೆದ್ದು ಬಿತ್ತು. ಬಳೆ ಮಿಸುಕಲಿಲ್ಲ. ಇನ್ನೊಂದು, ಮತ್ತೊಂದು. ನನ್ನ ಎದೆ ಸ್ವಲ್ಪ ಹಗುರವಾಯಿತು. ಕೈ ಹೊರಳಿಸಿ ಮುಂದಿನ ಭಾಗಕ್ಕೆ ಬಂದೆ. ಅಲ್ಲಿ ಎಡವಿದೆ. ಹಲಗೆಯಿಂದ ಕೊರೆದ ಬಳೆಯಲ್ಲಿ ನಾರು ಒಂದೇ ದಿಕ್ಕಿಗೆ ಇರುವುದಿಲ್ಲ, ಸುತ್ತು ಬರುವಾಗ ಅಲ್ಲಲ್ಲಿ ಮುಖ ತಿರುಗಿಸುತ್ತದೆ. ಬೇರೆ ಮರವಾದರೆ ಕಣ್ಣಿಗೆ ಕಾಣುತ್ತದೆ. ಕರಿಮರ ಕಪ್ಪಿನಲ್ಲಿ ಎಲ್ಲವನ್ನೂ ಮುಚ್ಚಿಟ್ಟುಕೊಳ್ಳುತ್ತದೆ. ಹತ್ತರಿ ನಾರಿಗೆ ಎದುರಾಗಿ ಹೋಯಿತು, ಎಳ್ಳಿನಷ್ಟು ಸಿಬಿರು ಎದ್ದಿತು.

ಬಳೆ ಬಿಗಿಯಿತು. ನನ್ನ ಕಣ್ಣಾರೆ ಕಂಡೆ, ಅಂಚಿನ ಚರ್ಮ ಮಡಿಕೆಯಾಗಿ ಮೇಲೆ ಬಂತು. ದಾಕ್ಷಿಯ ಬಾಯಿಂದ ಬಂದ ಸದ್ದನ್ನು ಮತ್ತೆ ಕೇಳುವುದು ನನಗೆ ಬೇಡ. ಉಗುರುಗಳು ನೀಲಿಯಿಂದ ಕಪ್ಪಿಗೆ ತಿರುಗಿದವು. ನಾನು ಹತ್ತರಿ ಕೆಳಗಿಟ್ಟೆ.

"ನಂಗೆ ನಾರು ಕಾಣ್ತಿಲ್ಲ ಕಣೇ" ಅಂದೆ. "ಎತ್ತಲಿಂದ ಎತ್ತಲಿಗೆ ಹೋಗ್ಬೇಕು ಅಂತ ತಿಳೀತಿಲ್ಲ."

ದಾಕ್ಷಿ ಬೆವರಿನಲ್ಲಿ ತೊಯ್ದು ಹೋಗಿದ್ದಳು. ಆಮೇಲೆ ಕಣ್ಣು ತೆರೆಯದೆಯೇ ಎಡಗೈಯನ್ನು ತಂದು ಬಳೆಯ ಮೇಲಿಟ್ಟಳು. ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು, ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ.

"ಇಲ್ಲಿಂದ ಇಲ್ಲಿಗೆ ನಯ ಅಕ್ಕಯ್ಯ. ಹಿಂಗೆ ಬಂದ್ರೆ ತರಿ."

"ನಿಂಗೆ ಹೆಂಗೆ ಗೊತ್ತು?"

"ಕತ್ತಲಾದ್ರೆ ನಂಗೆ ಭಯ. ಚಿಕ್ಕಂದಿನಿಂದ ಹಿಂಗೆ ಉಜ್ಕೋತಾನೇ ನಿದ್ದೆ ಮಾಡ್ತಿದ್ದೆ."

ಎಷ್ಟೋ ವರ್ಷ ಒಂದೇ ಹೆಬ್ಬೆರಳು ಒಂದೇ ಬಳೆಯ ಮೇಲೆ ಓಡಾಡಿದೆ. ಅದಕ್ಕೆ ತಿಳಿಯದ್ದು ಇನ್ನಾರಿಗೆ ತಿಳಿದೀತು. "ಹಂಗಾದ್ರೆ ನೀನೇ ಹೇಳ್ತಾ ಹೋಗು" ಅಂದೆ.

ಅವಳು ಹೆಬ್ಬೆರಳಿನಿಂದ ಸವರಿ ತೋರಿಸಬೇಕು, ಅದೇ ಜಾಡಿನಲ್ಲಿ ನಾನು ಹತ್ತರಿ ಓಡಿಸಬೇಕು. ಅವಳು ತಿರುಗಿಸು ಎಂದಲ್ಲಿ ತಿರುಗಿಸಿದೆ, ನಿಲ್ಲು ಎಂದಲ್ಲಿ ನಿಂತೆ. ಅಡ್ಡ ನಾರು ಬಂದ ಕಡೆ ಸುರುಳಿ ಬರುವುದಿಲ್ಲ, ರಾಗಿ ಹಿಟ್ಟಿನ ಹಾಗೆ ಪುಡಿ ಉದುರುತ್ತದೆ. ಅಲ್ಲಂತೂ ಉಸಿರಾಡದೆ ಉಜ್ಜಿದೆ. ಸಿಬಿರೆದ್ದು ಊದಿದ್ದ ಗಂಟನ್ನು ಎಲ್ಲಕ್ಕಿಂತ ಕಡೆಗೆ, ಅವಳು ಮೂರು ಸಲ ಸವರಿ ಖಾತ್ರಿ ಮಾಡಿಕೊಂಡ ಮೇಲೆ ಮುಟ್ಟಿದೆ. ಅವ್ವ ಸೆರಗಿನಿಂದ ದಾಕ್ಷಿಯ ಹಣೆ ಒರೆಸುತ್ತಿದ್ದಳು, ನಡುನಡುವೆ ನನ್ನದನ್ನೂ. ಒಳಗೆ ಬೆಳಿಗ್ಗೆ ಇಟ್ಟ ಬೇಳೆ ಸೀದು ಕರಕಲಾದ ವಾಸನೆ ತುಂಬಿತ್ತು, ಯಾರೂ ಏಳಲಿಲ್ಲ.

ಬಳೆ ತೆಳ್ಳಗಾಗುತ್ತ ಒಣಗಿದ ಎಲೆಯಷ್ಟಾಯಿತು. ಆಗ ಪಟ್ಟೆಂದು ಒಂದು ಸಣ್ಣ ಸದ್ದು. ನಾನು ಹತ್ತರಿಯನ್ನು ಇನ್ನೂ ಇಟ್ಟೇ ಇರಲಿಲ್ಲ. ಅಡ್ಡ ನಾರಿದ್ದ ಎರಡು ಕಡೆಯಲ್ಲಿ ಅದು ತಾನಾಗಿಯೇ ಬಿಟ್ಟುಕೊಂಡು, ಎರಡು ಅರೆಚಂದ್ರವಾಗಿ ಮಣೆಯ ಮೇಲೆ ಬಿತ್ತು. ಮಣಿಕಟ್ಟಿನ ಸುತ್ತ ಬೆರಳು ಹೂತುಹೋಗುವಷ್ಟು ಆಳದ ಬಿಳಿಯ ಪಟ್ಟೆ ಉಳಿದಿತ್ತು. ಅಲ್ಲಿ ಗಾಳಿ ತಾಗಿದ್ದು ಎಷ್ಟೋ ವರ್ಷಕ್ಕೆ ಮೊದಲ ಸಲ.

ನಿಂಗಾಚಾರಿ ನಿಂತಲ್ಲೇ ಗೋಡೆಗೆ ಒರಗಿ ಮಗುವಿನ ಹಾಗೆ ಅತ್ತ. ಅವನನ್ನು ನೋಡಿ ಅವ್ವನೂ ಅತ್ತಳು. ನಾನು ಅಳಲಿಲ್ಲ. ನನ್ನ ಕಣ್ಣು ಆ ಬೆರಳುಗಳ ಮೇಲೇ ಇತ್ತು. ಬಳೆ ಹೋಯಿತು, ಸರಿ. ಕೈ ಬಂದಿತೇ?

ಬೆರಳು ಮಡಿಚು ಅಂದೆ. ಅವಳು ಮಡಿಚಲು ನೋಡಿದಳು, ಒಂದೂ ಅಲುಗಲಿಲ್ಲ. ಬೆಚ್ಚಗಿನ ಎಳ್ಳೆಣ್ಣೆ ತಂದು ಮೊಣಕೈಯಿಂದ ಬೆರಳಿನ ತುದಿಯವರೆಗೆ ನೀವತೊಡಗಿದೆ. ಅವ್ವ ಸೀದ ಬೇಳೆಯನ್ನು ಹಿತ್ತಲಿಗೆ ಸುರಿದು, ಬಿಸಿ ಮುದ್ದೆ ಸಾರು ತಂದು ಸೊಸೆಯ ಮುಂದೆ ಕುಳಿತಳು. ತುತ್ತು ಮುರಿದು ಅವಳ ಬಾಯಿಗಿಟ್ಟಳು. ದಾಕ್ಷಿ ನುಂಗಿದಳು. ಇನ್ನೊಂದಿಟ್ಟಳು, ಅದನ್ನೂ ನುಂಗಿದಳು. ಎಷ್ಟು ತಿಂಗಳ ಹಸಿವೋ, ತಟ್ಟೆ ಖಾಲಿಯಾಗುವವರೆಗೆ ಅತ್ತೆ ಸೊಸೆ ಇಬ್ಬರೂ ತಲೆಯೆತ್ತಲಿಲ್ಲ. ನಾನು ನೀವುತ್ತಲೇ ಇದ್ದೆ. ಉಗುರಿನ ಕಪ್ಪು ನೀಲಿಯಾಯಿತು, ನೀಲಿ ಕಂದಿತು.

ದೀಪ ಹಚ್ಚುವ ಹೊತ್ತಿಗೆ ಅವಳು ಒಮ್ಮೆಲೇ ಹಲ್ಲು ಕಚ್ಚಿದಳು.

"ಉರೀತದೆ ಅಕ್ಕಯ್ಯ. ಕೆಂಡ ಸುರಿದಂಗೆ ಉರೀತದೆ."

"ಉರೀಲಿ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಚೆನ್ನಾಗಿ ಉರೀಲಿ."

ಅಂಗೈ ಕೆಂಪಾಗುತ್ತ ಬಂತು. ನನ್ನ ಹೆಬ್ಬೆರಳನ್ನು ಆ ಅಂಗೈಯ ನಡುವೆ ಇಟ್ಟು, ಹಿಡಿ ಅಂದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಕಿರುಬೆರಳು ಒಂದಿಷ್ಟು ಬಾಗಿತು. ಅದರ ಹಿಂದೆ ಉಂಗುರದ ಬೆರಳು, ಅದರ ಹಿಂದೆ ಉಳಿದವು. ನಿಧಾನವಾಗಿ ಬಿಸಿಯಾದ ಐದೂ ಬೆರಳು ನನ್ನ ಹೆಬ್ಬೆರಳನ್ನು ಸುತ್ತಿಕೊಂಡವು, ಬಿಗಿಯಾದವು, ಇನ್ನೂ ಬಿಗಿಯಾದವು.

"ನೋಯ್ತದೆ, ಬಿಡೇ" ಅಂದೆ.

ಅವಳು ಬಿಡಲಿಲ್ಲ. ನಾನು ಬಿಡಿಸಿಕೊಳ್ಳಲೂ ಇಲ್ಲ. ಆಗ ನಾನು ಅತ್ತುಬಿಟ್ಟೆ.